ಸುರಂಗ ಯಂತ್ರದ ಹಲ್ಲು ಸವೆದ ಲೆಕ್ಕ ಊರಿಗೂ ಸಿಗಲಿ

ಸುರಂಗವೆಂಬುದು ಕರಾವಳಿ ಮತ್ತು ಘಟ್ಟದ ತಪ್ಪಲಿನ ಕೃಷಿಕರಿಗೆ ಹೊಸ ಶಬ್ದವಲ್ಲ. ಕಾಸರಗೋಡಿನ ಪಡ್ರೆ, ಬಾಯಾರುಗಳಿಂದ ಹಿಡಿದು ಬಂಟ್ವಾಳದ ಮಾಣಿಲದವರೆಗೆ ಗುಡ್ಡದ ಒಡಲನ್ನು ಅಡ್ಡವಾಗಿ ಕೊರೆದು ತೋಟಕ್ಕೆ ನೀರು ತಂದ ನೂರಾರು ಸುರಂಗಗಳಿವೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ತೋಡಿದ ಹಲವು ಸುರಂಗಗಳು ನೀರು ಕೊಡದೆ ವಿಫಲವಾದರೂ ಎದೆಗುಂದದೆ ಮತ್ತೆ ತೋಡಿ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಇಂಥ ಸುರಂಗ ತೋಡುವವನ ಕೈಯಲ್ಲಿರುವುದು ಒಂದು ಪಿಕ್ಕಾಸು ಮತ್ತು ಒಂದು ದೀಪ. ದೀಪ ಮಂಕಾದರೆ ಒಳಗೆ ಗಾಳಿ ಕಡಿಮೆಯಾಗಿದೆಯೆಂದು ಅರ್ಥ. ಪಿಕ್ಕಾಸು ಬಡಿದಾಗ ಏಳುವ ಸದ್ದು, ಅಂಗೈಗೆ ತಾಗುವ ಪೆಟ್ಟು, ಮೊನೆ ಮೊಂಡಾಗುವ ವೇಗ ಇವೆಲ್ಲವೂ ಮುಂದಿರುವುದು ಮುರಕಲ್ಲೋ, ಶೇಡಿ ಮಣ್ಣೋ, ಕಗ್ಗಲ್ಲೋ ಎಂಬುದನ್ನು ಮೊದಲೇ ತಿಳಿಸುತ್ತವೆ. ತೋಡುವ ಉಪಕರಣವೇ ಅವನಿಗೆ ಗುಡ್ಡದ ಸುದ್ದಿಯನ್ನು ತಲುಪಿಸುತ್ತದೆ.

ಈಗ ಮಾತು ಎದ್ದಿರುವುದು ಬೇರೆಯದೇ ಗಾತ್ರದ ಸುರಂಗಗಳ ಕುರಿತು. ಆಗುಂಬೆ ಮತ್ತು ಶಿರಾಡಿ ಘಾಟಿಗಳಿಗೆ ಸುರಂಗ ಮಾರ್ಗ ಬೇಕೆಂಬ ಬೇಡಿಕೆ ವರ್ಷಗಳಿಂದ ಕೇಳಿಬರುತ್ತಿದೆ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿಯೂ ಬೆಟ್ಟದೊಳಗಿನ ಸುರಂಗಗಳೇ ಮುಖ್ಯ. ಇಂಥ ಪ್ರಸ್ತಾವಗಳ ಬೆಂಬಲಕ್ಕೆ ಪದೇ ಪದೇ ಬರುವ ವಾದ ಒಂದೇ: ಎಲ್ಲ ಕೆಲಸವೂ ನೆಲದಡಿಯಲ್ಲಿ ನಡೆಯುವುದರಿಂದ ಮೇಲಿನ ಕಾಡಿಗೂ ತೋಟಕ್ಕೂ ಬಾವಿಗೂ ಏನೂ ಆಗುವುದಿಲ್ಲ, ಇಂದಿನ ಯಂತ್ರಗಳು ಬೆಟ್ಟಕ್ಕೇ ತಿಳಿಯದಂತೆ ಬೆಟ್ಟವನ್ನು ದಾಟಬಲ್ಲವು.

ಈ ವಾದ ಎಷ್ಟರಮಟ್ಟಿಗೆ ನಿಜವೆಂದು ಒರೆಗೆ ಹಚ್ಚುವುದಕ್ಕೆ ಒಂದು ಸಾಧನವಿದೆ. ಸುರಂಗ ಕೊರೆಯುವ ಯಂತ್ರದ ಹಲ್ಲುಗಳು ಎಲ್ಲಿ ಸವೆದವು, ಎಷ್ಟು ಸವೆದವು, ಯಾವ ರೀತಿಯಲ್ಲಿ ಕೆಟ್ಟವು ಎಂಬ ದಿನಚರಿಯೇ ಅದು. ಈ ಲೆಕ್ಕವಿಲ್ಲದೆ ಯಾವ ಗುತ್ತಿಗೆದಾರನೂ ಕೆಲಸ ನಡೆಸಲಾರ. ಆದರೆ ಅದು ಕಾಮಗಾರಿ ಕಚೇರಿಯ ಕಪಾಟನ್ನು ದಾಟಿ ಮೇಲಿರುವ ಊರಿಗೆ ಬರುವುದಿಲ್ಲ. ಬರಬೇಕು ಎಂಬುದೇ ಇಲ್ಲಿನ ವಾದ.

ಕಲ್ಲನ್ನು ಒಡೆಯುವ ಚಕ್ರ

ಟನೆಲ್ ಬೋರಿಂಗ್ ಮಷಿನ್, ಅಂದರೆ ಟಿಬಿಎಂ, ನೆಲದಡಿ ತೆವಳುವ ಒಂದು ಕಾರ್ಖಾನೆಯಿದ್ದಂತೆ. ಅದರ ಮುಂಭಾಗದಲ್ಲಿ ಸುರಂಗದಷ್ಟೇ ಅಗಲದ, ತಿರುಗುವ ಉಕ್ಕಿನ ಮುಖವಿರುತ್ತದೆ. ಇದಕ್ಕೆ ಕಟರ್‌ಹೆಡ್ ಎಂದು ಹೆಸರು. ಗಟ್ಟಿ ಕಲ್ಲಿನಲ್ಲಿ ಕೆಲಸ ಮಾಡುವ ಯಂತ್ರದ ಈ ಮುಖದಲ್ಲಿ ಡಿಸ್ಕ್ ಕಟರ್ ಎಂಬ ಉಕ್ಕಿನ ಚಕ್ರಗಳನ್ನು ಕೂರಿಸಿರುತ್ತಾರೆ. ಬೆಂಗಳೂರಿನ ಮೆಟ್ರೋ ಸುರಂಗದಂಥ ಆರೂವರೆ ಮೀಟರ್ ಆಸುಪಾಸಿನ ಯಂತ್ರಕ್ಕೆ ಕೆಲವು ಡಜನ್ ಚಕ್ರಗಳು ಬೇಕು. 17 ಇಂಚು ಅಥವಾ 19 ಇಂಚು ವ್ಯಾಸದ ಚಕ್ರಗಳು ಹೆಚ್ಚು ಬಳಕೆಯಲ್ಲಿವೆ. 17 ಇಂಚಿನ ಒಂದು ಚಕ್ರದ ತೂಕವೇ ಸುಮಾರು ಒಂದೂವರೆ ಕ್ವಿಂಟಾಲ್. ಅದು ಕಲ್ಲನ್ನು ಒತ್ತುವ ಬಲ ಸುಮಾರು 25 ಟನ್‌ವರೆಗೆ ಹೋಗುತ್ತದೆ.

ಚಕ್ರ ಕಲ್ಲನ್ನು ಗರಗಸದಂತೆ ಕೊಯ್ಯುವುದಿಲ್ಲ. ಅದು ಒತ್ತಿಕೊಂಡು ಉರುಳುತ್ತದೆ. ಅಂಚಿನ ಕೆಳಗಿನ ಕಲ್ಲು ಪುಡಿಯಾಗಿ, ಅಲ್ಲಿಂದ ಬಿರುಕುಗಳು ಪಕ್ಕಕ್ಕೆ ಹರಿದು, ಪಕ್ಕದ ಚಕ್ರದ ಗೀರಿನಿಂದ ಬಂದ ಬಿರುಕುಗಳನ್ನು ಕೂಡುತ್ತವೆ. ಆಗ ಎರಡು ಗೀರುಗಳ ನಡುವಿನ ಕಲ್ಲು ಚಕ್ಕೆಯಾಗಿ ಉದುರುತ್ತದೆ. ಉರುಳುವ ಚಕ್ರಗಳನ್ನಷ್ಟೇ ನಂಬಿ ಕೊರೆದ ಮೊದಲ ಯಂತ್ರವನ್ನು ಅಮೆರಿಕದ ಜೇಮ್ಸ್ ರಾಬಿನ್ಸ್ 1956ರಲ್ಲಿ ಕೆನಡಾದ ಟೊರಾಂಟೊ ನಗರದ ಒಳಚರಂಡಿ ಸುರಂಗಕ್ಕೆ ಬಳಸಿದರು. ಅಂದಿನಿಂದ ಇಂದಿನವರೆಗೆ ತತ್ತ್ವ ಬದಲಾಗಿಲ್ಲ. ಗಾತ್ರ ಮತ್ತು ಬಲ ಮಾತ್ರ ಹೆಚ್ಚಿವೆ.

ಚಕ್ರದ ಅಂಚು ಚೂಪಾಗಿದ್ದಷ್ಟು ಕಾಲ ಒತ್ತಡವೆಲ್ಲ ಒಂದು ಕಿರಿದಾದ ಗೆರೆಯ ಮೇಲೆ ಬೀಳುತ್ತದೆ. ಅಂಚು ಸವೆದು ಅಗಲವಾದಂತೆ ಅದೇ ಒತ್ತಡ ಹಂಚಿಹೋಗುತ್ತದೆ, ಕಲ್ಲಿನೊಳಗೆ ಇಳಿಯುವ ಆಳ ಕಡಿಮೆಯಾಗುತ್ತದೆ, ಚಕ್ಕೆಗೆ ಬದಲು ಪುಡಿ ಬರುತ್ತದೆ, ಶಾಖ ಏರುತ್ತದೆ. ಮೊಂಡು ಕತ್ತಿಯಿಂದ ಸೊಪ್ಪು ಸವರಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸವೆತಕ್ಕೆ ಮುಖ್ಯ ಕಾರಣ ಕಲ್ಲಿನ ಗಟ್ಟಿತನಕ್ಕಿಂತ ಅದರೊಳಗಿನ ಬೆಣಚುಕಲ್ಲಿನ ಅಂಶ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿನದು 7ನೆಯ ಸ್ಥಾನ. ಸಾಮಾನ್ಯ ಉಕ್ಕನ್ನು ಅದು ಗೀರಬಲ್ಲುದು. ಬೆಟ್ಟು ಗದ್ದೆಯ ಮರಳು-ಗೊರಚಲಿನಲ್ಲಿ ಟಿಲ್ಲರಿನ ಬ್ಲೇಡು ಬೈಲು ಗದ್ದೆಯ ಕೆಸರಿನಲ್ಲಿಗಿಂತ ಬೇಗ ಸವೆಯುವುದು ಇದೇ ಕಾರಣಕ್ಕೆ. ಕಲ್ಲಿನ ಈ ಗುಣವನ್ನು ಅಳೆಯಲು ಫ್ರಾನ್ಸಿನಲ್ಲಿ ರೂಪುಗೊಂಡ ಸೆರ್ಶಾರ್ ಪರೀಕ್ಷೆ ಬಹಳ ಸರಳವಾದುದು. ಮೊನೆಯುಳ್ಳ ಉಕ್ಕಿನ ಸೂಜಿಯನ್ನು ಸುಮಾರು 7 ಕಿಲೋ ಭಾರದಡಿ ಕಲ್ಲಿನ ಮೇಲೆ 10 ಮಿಲಿಮೀಟರ್ ಎಳೆಯುತ್ತಾರೆ. ಬಳಿಕ ಸೂಜಿಯ ಮೊನೆ ಎಷ್ಟು ಚಪ್ಪಟೆಯಾಯಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಒಂದು ಅಂಕ. ಸುಣ್ಣಕಲ್ಲಿಗೆ ಸಾಮಾನ್ಯವಾಗಿ 2ಕ್ಕಿಂತ ಕಡಿಮೆ ಅಂಕ ಬಂದರೆ ಗ್ರಾನೈಟಿನಂಥ ಕಲ್ಲಿಗೆ 4ನ್ನು ಮೀರುವುದುಂಟು.

ಎಲ್ಲ ಸವೆತವೂ ಒಂದೇ ಅಲ್ಲ

ಇಲ್ಲಿ ಊರವರು ಗಮನಿಸಬೇಕಾದ ಅಂಶವೊಂದಿದೆ. ಚಕ್ರಗಳು ಕೆಡುವ ಬಗೆ ಹಲವು, ಮತ್ತು ಪ್ರತಿಯೊಂದು ಬಗೆಯೂ ನೆಲದ ಬಗ್ಗೆ ಒಂದೊಂದು ಮಾತು ಹೇಳುತ್ತದೆ.

ಚಕ್ರ ಸುತ್ತಲೂ ಸಮನಾಗಿ ಸವೆದಿದ್ದರೆ ಮುಂದಿರುವುದು ಒಂದೇ ಹದದ ಗಟ್ಟಿ ಕಲ್ಲು. ಇದು ನಿರೀಕ್ಷಿತ ಸವೆತ. ಚಕ್ರದ ಒಂದೇ ಬದಿ ಚಪ್ಪಟೆಯಾಗಿದ್ದರೆ ಅದು ಉರುಳುವುದನ್ನು ನಿಲ್ಲಿಸಿ ಎಳೆದುಕೊಂಡು ಹೋಗಿದೆಯೆಂದು ಅರ್ಥ. ಒಳಗಿನ ಬೇರಿಂಗ್ ಕಚ್ಚಿಕೊಂಡಿರಬಹುದು. ಇಲ್ಲವೇ ಮುಂದಿರುವ ನೆಲ ಮೆದುವಾದ ಜೇಡಿಯಾಗಿದ್ದು ಚಕ್ರವನ್ನು ಉರುಳಿಸುವಷ್ಟು ಹಿಡಿತ ಸಿಗದಿರಬಹುದು, ಅಂಟುಮಣ್ಣು ಚಕ್ರದ ಗೂಡಿನಲ್ಲಿ ಮೆತ್ತಿಕೊಂಡಿರಬಹುದು. ಚಕ್ರದ ಉಂಗುರ ಚಕ್ಕೆಯೆದ್ದಿದ್ದರೆ ಅಥವಾ ಸೀಳಿದ್ದರೆ ಅದು ಪೆಟ್ಟು ತಿಂದಿದೆ. ಮುಖದ ಅರ್ಧ ಭಾಗ ಮಣ್ಣು, ಅರ್ಧ ಭಾಗ ಬಂಡೆಯಾಗಿರುವಲ್ಲಿ ಪ್ರತಿ ಸುತ್ತಿನಲ್ಲಿಯೂ ಚಕ್ರ ಮೆದುವಿನಿಂದ ಗಟ್ಟಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಎಂಜಿನಿಯರುಗಳು ಅತ್ಯಂತ ಅಂಜುವ ನೆಲ ಇದೇ.

ಒಂದು ಚಕ್ರ ಕೆಟ್ಟರೆ ಅದರ ಹೊರೆ ನೆರೆಯ ಚಕ್ರಗಳ ಮೇಲೆ ಬೀಳುತ್ತದೆ. ಸಕಾಲದಲ್ಲಿ ಬದಲಿಸದಿದ್ದರೆ ಅವೂ ಕೆಡುತ್ತವೆ. ಕೊನೆಗೆ ಚಕ್ರಗಳನ್ನು ಹಿಡಿದಿರುವ ಉಕ್ಕಿನ ಮುಖವೇ ಕಲ್ಲಿಗೆ ಉಜ್ಜಿ ಹಾಳಾಗುತ್ತದೆ. ಅಂಚಿನ ಚಕ್ರಗಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಸುರಂಗದ ಅಗಲವನ್ನು ನಿರ್ಧರಿಸುವುದು ಅವೇ. ಅವು ಮಿತಿಮೀರಿ ಸವೆದರೆ ಕೊರೆದ ಬಿಲ ಕಿರಿದಾಗಿ ಹಿಂದಿನಿಂದ ಬರುವ ಯಂತ್ರದ ಮೈ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾಣದ ಹಲ್ಲನ್ನು ಕಾಯುವ ವಿಧಾನಗಳು

ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ಶಿಲ್ಪಿಗಳಿಗೆ ತಮ್ಮ ಉಳಿಯ ಮೊನೆ ಕಣ್ಣೆದುರಿಗೇ ಇತ್ತು. ಮೊಂಡಾದರೆ ಕುಲುಮೆಗೆ ಕೊಟ್ಟು ಚೂಪು ಮಾಡಿಸುತ್ತಿದ್ದರು. ಕಾರ್ಕಳದ ಮಿಯ್ಯಾರಿನಲ್ಲಿರುವ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಲ್ಲಿ ಇಂದು ಕಲ್ಲು ಕೆತ್ತುವ ಯುವಕರಿಗೂ ಉಳಿಯ ಸ್ಥಿತಿ ಕೈಗೇ ತಿಳಿಯುತ್ತದೆ. ಟಿಬಿಎಂ ನಡೆಸುವವನಿಗೆ ಆ ಭಾಗ್ಯವಿಲ್ಲ. ಅವನು ಕೂರುವುದು ಕಟರ್‌ಹೆಡ್ಡಿನ ಹಿಂದೆ, ಉಕ್ಕಿನ ಗೋಡೆಗಳ ಮರೆಯಲ್ಲಿ. ಹಲ್ಲು ಅವನಿಗೆ ಕಾಣುವುದಿಲ್ಲ. ಆದುದರಿಂದಲೇ ನೋಡದೆ ತಿಳಿಯುವ ಉಪಾಯಗಳು ಬೆಳೆದಿವೆ.

ಹಳೆಯ ಮತ್ತು ಇಂದಿಗೂ ನಂಬಿಕೆಯ ವಿಧಾನವೆಂದರೆ ಯಂತ್ರವನ್ನು ನಿಲ್ಲಿಸಿ, ಕಿರಿದಾದ ಬಾಗಿಲಿನ ಮೂಲಕ ಕಾರ್ಮಿಕರು ಮುಂದಿನ ಕೋಣೆಗೆ ಹೋಗಿ ಅಳತೆಪಟ್ಟಿ ಹಿಡಿದು ಒಂದೊಂದೇ ಚಕ್ರವನ್ನು ಪರೀಕ್ಷಿಸುವುದು. ಗಟ್ಟಿಯಾದ ಒಣ ಕಲ್ಲಿನಲ್ಲಿ ಇದು ಸಾಧ್ಯ. ನೀರು ಜಿನುಗುವ ಸಡಿಲ ನೆಲದಲ್ಲಿ ಮುಂದಿನ ಮಣ್ಣು ಕುಸಿಯದಂತೆ ಆ ಕೋಣೆಗೆ ಒತ್ತಡದ ಗಾಳಿ ತುಂಬಬೇಕು, ಅಥವಾ ಸುತ್ತಲಿನ ನೆಲಕ್ಕೆ ಸಿಮೆಂಟಿನ ಗಾರೆ ತುಂಬಿ ಗಟ್ಟಿ ಮಾಡಬೇಕು, ಅಥವಾ ಮೇಲಿನಿಂದ ಬಾವಿಯಂಥ ಗುಂಡಿ ಇಳಿಸಬೇಕು. ಇದು ಕಾರ್ಮಿಕರ ಜೀವಕ್ಕೆ ಸಂಬಂಧಿಸಿದ ಕೆಲಸ. ಯಂತ್ರ ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ, ಗಟ್ಟಿ ನೆಲವಿರುವಲ್ಲಿಯೇ ಹಲ್ಲು ಬದಲಿಸುವುದು ಜಾಣತನ. ಸವೆತದ ನಿಗಾ ಇಡುವ ಮೂಲ ಉದ್ದೇಶವೂ ಇದೇ.

ಎರಡನೆಯದು, ಹೊರಬರುವ ಕಲ್ಲುಪುಡಿಯನ್ನು ನೋಡುವುದು. ಚಪ್ಪಟೆಯಾದ ಉದ್ದನೆಯ ಚಕ್ಕೆಗಳು ಬರುತ್ತಿದ್ದರೆ ಹಲ್ಲು ಚೆನ್ನಾಗಿದೆ. ನುಣ್ಣನೆಯ ಪುಡಿ ಹೆಚ್ಚಾದರೆ ಅನುಮಾನಿಸಬೇಕು. ಉಕ್ಕಿನ ಚೂರುಗಳು ಕಂಡರೆ ಯಾವುದೋ ಚಕ್ರ ಒಡೆದಿದೆ.

ಮೂರನೆಯದು, ಯಂತ್ರದ ಅಂಕಿಗಳು. ಮುಂದಕ್ಕೆ ತಳ್ಳುವ ಬಲ, ತಿರುಗಿಸುವ ಬಲ, ಒಂದು ಸುತ್ತಿಗೆ ಎಷ್ಟು ಮಿಲಿಮೀಟರ್ ಮುಂದೆ ಹೋಯಿತೆಂಬ ಲೆಕ್ಕ ಇವೆಲ್ಲ ಗಣಕಯಂತ್ರದಲ್ಲಿ ಎಡೆಬಿಡದೆ ದಾಖಲಾಗುತ್ತವೆ. ತಳ್ಳುವ ಬಲ ಏರುತ್ತಿದ್ದರೂ ಮುನ್ನಡೆ ಕುಗ್ಗುತ್ತಿದ್ದರೆ ಹಲ್ಲು ಮೊಂಡಾಗಿರಬಹುದು.

ನಾಲ್ಕನೆಯದು, ಚಕ್ರದಲ್ಲಿಯೇ ಕೂರಿಸುವ ಸಂವೇದಕಗಳು. ಚಕ್ರ ಉರುಳುತ್ತಿದೆಯೇ, ಅದರ ಶಾಖ ಎಷ್ಟು, ಕಂಪನ ಎಷ್ಟು, ಅಂಚು ಎಷ್ಟು ಸವೆದಿದೆ ಎಂಬುದನ್ನು ಇವು ತಂತಿಯ ಹಂಗಿಲ್ಲದೆ ಹಿಂದಕ್ಕೆ ತಿಳಿಸುತ್ತವೆ. ಇನ್ನೂ ಸರಳವಾದ ಉಪಾಯಗಳೂ ಇವೆ. ಬೇರಿಂಗಿನ ಎಣ್ಣೆಗೆ ಗಾಢ ವಾಸನೆಯ ವಸ್ತು ಬೆರೆಸಿದರೆ ಸೀಲ್ ಒಡೆದು ಎಣ್ಣೆ ಸೋರಿದ ಕೂಡಲೇ ಮೂಗಿಗೆ ಸುಳಿವು ಸಿಗುತ್ತದೆ. ಮೆದು ನೆಲವನ್ನು ಕೆರೆಯುವ ಹಲ್ಲುಗಳ ಒಳಗೆ ಎಣ್ಣೆಯ ಸಣ್ಣ ಕೊಳವೆಯಿಡುತ್ತಾರೆ. ಸವೆತ ಅಲ್ಲಿಯವರೆಗೆ ಬಂದೊಡನೆ ಎಣ್ಣೆಯ ಒತ್ತಡ ಇಳಿದು ಎಚ್ಚರಿಕೆ ಬರುತ್ತದೆ.

ಇಷ್ಟೆಲ್ಲ ಇದ್ದರೂ ಒಂದು ತೊಡಕು ಉಳಿಯುತ್ತದೆ. ಮುನ್ನಡೆ ಕುಂಠಿತವಾದಾಗ ಹಲ್ಲು ಮೊಂಡಾಯಿತೋ ಅಥವಾ ಕಲ್ಲೇ ಗಟ್ಟಿಯಾಯಿತೋ ಎಂಬುದನ್ನು ಅಂಕಿಗಳಷ್ಟೇ ಹೇಳಲಾರವು. ಎರಡಕ್ಕೂ ಒಂದೇ ಲಕ್ಷಣ. ಮುಂದಿನ ಕಲ್ಲು ಎಂಥದ್ದೆಂಬ ಸ್ವತಂತ್ರ ಮಾಹಿತಿ ಇದ್ದರೆ ಮಾತ್ರ ಹಲ್ಲಿನ ಸ್ಥಿತಿ ಗೊತ್ತಾಗುತ್ತದೆ. ಹಲ್ಲನ್ನು ಕಣ್ಣಾರೆ ನೋಡಿ ಅಳೆದಿದ್ದರೆ ಮಾತ್ರ ಕಲ್ಲಿನ ಸ್ಥಿತಿ ಗೊತ್ತಾಗುತ್ತದೆ. ಹೀಗಾಗಿ ಯಾವ ಜಾಗದಲ್ಲಿ ಯಾವ ಚಕ್ರವನ್ನು ಯಾವ ಕಾರಣಕ್ಕೆ ಬದಲಿಸಲಾಯಿತು ಎಂಬ ಪಟ್ಟಿಯು ಕೊನೆಗೆ ಬೆಟ್ಟದ ಒಳನೋಟದ ನಕ್ಷೆಯೇ ಆಗುತ್ತದೆ. ಯೋಜನೆಗೆ ಮೊದಲು ಅಲ್ಲೊಂದು ಇಲ್ಲೊಂದು ರಂಧ್ರ ಕೊರೆದು ಊಹಿಸಿದ ನಕ್ಷೆ ಎಷ್ಟು ಸರಿಯಿತ್ತೆಂದು ಹೇಳುವ ಸಾಕ್ಷಿಯೂ ಅದೇ.

ಬೆಂಗಳೂರು ಕಲಿಸಿದ ಪಾಠ

ಕರ್ನಾಟಕಕ್ಕೆ ಈ ಯಂತ್ರದ ಪರಿಚಯ ಚೆನ್ನಾಗಿ ಆದದ್ದು ಬೆಂಗಳೂರಿನ ನಮ್ಮ ಮೆಟ್ರೋದಿಂದ. ಮೊದಲ ಹಂತದಲ್ಲಿ ಚಿಕ್ಕಪೇಟೆಯಿಂದ ಮೆಜೆಸ್ಟಿಕ್ಕಿನತ್ತ ಹೊರಟ ‘ಗೋದಾವರಿ’ ಎಂಬ ಯಂತ್ರ 2014ರಲ್ಲಿ ಕಟರ್‌ಹೆಡ್ ಹಾನಿಗೊಂಡು ಪೇಟೆಯ ಅಡಿಯಲ್ಲೇ ನಿಂತುಬಿಟ್ಟಿತು. ತಿಂಗಳುಗಟ್ಟಲೆ ಕಾದು ದುರಸ್ತಿಯಾದ ಮೇಲೆ ಅದು ಮೆಜೆಸ್ಟಿಕ್ ತಲುಪಿದ್ದು 2016ರಲ್ಲಿ. ಮೇಲೆ ನಡೆದರೆ ಕಾಲು ಗಂಟೆ ಹಿಡಿಯುವ ದಾರಿ ಅದು. ಆ ಮಾರ್ಗದಲ್ಲಿ ರೈಲು ಓಡಲು 2017ರ ಜೂನ್ ಬರಬೇಕಾಯಿತು.

ಕಾರಣ ಬೆಂಗಳೂರಿನ ನೆಲದ ಸ್ವಭಾವದಲ್ಲಿದೆ. ಅಲ್ಲಿನ ನೈಸ್ ಶಿಲೆ ಕೋಟ್ಯಂತರ ವರ್ಷಗಳಲ್ಲಿ ಮೇಲಿನಿಂದ ಕೊಳೆತು ಮಣ್ಣಾಗಿದೆ; ಆ ಮಣ್ಣಿನ ನಡುನಡುವೆ ಕೊಳೆಯದ ಬಂಡೆಗಳು ಉಳಿದುಕೊಂಡಿವೆ. ಯಂತ್ರದ ಹಲ್ಲಿಗೆ ಒಮ್ಮೆ ಮಣ್ಣು, ಒಮ್ಮೆ ಬಂಡೆ. ಎರಡನೆಯ ಹಂತದಲ್ಲಿ ಕಾಳೇನ ಅಗ್ರಹಾರ-ನಾಗವಾರ ಮಾರ್ಗದ 13.76 ಕಿಲೋಮೀಟರ್ ಸುರಂಗಕ್ಕೆ 9 ಯಂತ್ರಗಳು ಬೇಕಾದವು. ಕೊನೆಯ ಯಂತ್ರ ‘ಭದ್ರಾ’ ನಾಗವಾರದಲ್ಲಿ ಹೊರಬಂದದ್ದು 2024ರ ಅಕ್ಟೋಬರ್ 30ರಂದು. ನಡುವೆ 2023ರ ಜನವರಿಯಲ್ಲಿ ಈ ಮಾರ್ಗ ಹಾದುಹೋಗುವ ಬ್ರಿಗೇಡ್ ರಸ್ತೆ ಪ್ರದೇಶದಲ್ಲಿ ರಸ್ತೆ ಕುಸಿದು ಗುಂಡಿಬಿದ್ದದ್ದನ್ನು ಇಡೀ ರಾಜ್ಯ ಕಂಡಿತು.

ನಗರದಲ್ಲಿ ಯಂತ್ರ ನಿಂತರೆ ಮರುದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ರಸ್ತೆ ಕುಸಿದರೆ ಛಾಯಾಚಿತ್ರ ಬರುತ್ತದೆ. ಘಟ್ಟದ ಕಾಡಿನಡಿಯಲ್ಲಿ ಯಂತ್ರ ನಿಂತರೆ, ಗಾರೆ ತುಂಬಿದರೆ, ತೊರೆಯೊಂದರ ದಾರಿ ತಪ್ಪಿದರೆ ಅದನ್ನು ಬರೆಯುವವರು ಯಾರು?

ಈ ಪ್ರಶ್ನೆ ಕಲ್ಪನೆಯದಲ್ಲ. ತೆಲಂಗಾಣದ ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗ ಹೋಗುವುದು ನಲ್ಲಮಲ ಕಾಡಿನ ಹುಲಿ ರಕ್ಷಿತಾರಣ್ಯದ ಅಡಿಯಲ್ಲಿ. ಕಾಡಿಗೆ ಧಕ್ಕೆಯಾಗಬಾರದೆಂದು ಮಧ್ಯದಲ್ಲಿ ಎಲ್ಲಿಯೂ ಗುಂಡಿ ಇಳಿಸದೆ ಎರಡು ತುದಿಗಳಿಂದ ಮಾತ್ರ ಟಿಬಿಎಂ ಬಳಸಿ ಕೊರೆಯುವುದೆಂದು ನಿರ್ಧಾರವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಸುಮಾರು 44 ಕಿಲೋಮೀಟರಿನ ಆ ಸುರಂಗದಲ್ಲಿ ಬೆಣಚು ತುಂಬಿದ ಗಡಸು ಶಿಲೆಯೂ ನೀರು ತುಂಬಿದ ಸಡಿಲ ಪಟ್ಟಿಗಳೂ ಎದುರಾಗಿ ಕೆಲಸ ಎರಡು ದಶಕಗಳಷ್ಟು ಎಳೆಯಿತು. 2025ರ ಫೆಬ್ರುವರಿ 22ರಂದು ಸುರಂಗದ ಒಂದು ಭಾಗ ಕುಸಿದು ನೀರು ಕೆಸರು ನುಗ್ಗಿ 8 ಮಂದಿ ಒಳಗೆ ಸಿಕ್ಕಿಕೊಂಡರು. ಯಾರೂ ಬದುಕಿ ಬರಲಿಲ್ಲ. ಮೇಲಿನ ಕಾಡಿಗೆ ಕೈ ಹಚ್ಚದಿರುವ ಸುರಂಗದಲ್ಲಿ ಒಳಗಿನ ತಪ್ಪಿಗೆ ಹೊರದಾರಿಯೂ ಇರುವುದಿಲ್ಲವೆಂಬುದು ಇದರ ಪಾಠ. ಅಂಥಲ್ಲಿ ಮುನ್ಸೂಚನೆಗೆ ಇರುವ ಬೆಲೆ ಇಮ್ಮಡಿಯಾಗುತ್ತದೆ.

ಪಾದೂರಿನಿಂದ ಆಗುಂಬೆಯವರೆಗಿನ ನೆಲ

ಉಡುಪಿ ಜಿಲ್ಲೆಯ ನೆಲ ಬೆಂಗಳೂರಿನ ನೆಲದ ದಾಯಾದಿಯೇ. ಮೇಲೆ ಮುರಕಲ್ಲಿನ ಪದರ, ಅದರಡಿಯಲ್ಲಿ ಶೇಡಿ ಮಣ್ಣು, ಅದರೊಳಗೆ ಅಲ್ಲಲ್ಲಿ ಉಳಿದ ಬಂಡೆಗಳು, ತಳದಲ್ಲಿ ನೈಸ್ ಮತ್ತು ಗ್ರಾನೈಟಿನ ಕಗ್ಗಲ್ಲು. ಬಾವಿ ತೋಡಿಸಿದವರೆಲ್ಲರಿಗೂ ಈ ಕ್ರಮ ಗೊತ್ತು. ನೀರು ತಾಗಿದರೆ ಶೇಡಿ ಎಷ್ಟು ಸುಲಭವಾಗಿ ಕೊಚ್ಚಿಹೋಗುತ್ತದೆ ಎಂಬುದೂ ಗೊತ್ತು. ಕೊಂಕಣ ರೈಲ್ವೆಯ ಕಾಲದಲ್ಲಿ ಹೆಚ್ಚು ಕಾಡಿದ್ದು ಗಟ್ಟಿ ಕಲ್ಲಿನ ಸುರಂಗಗಳಲ್ಲ, ನೆನೆದ ಮೆದು ಮಣ್ಣಿನ ಕೆಲವೇ ಸುರಂಗಗಳು. ಗೋವೆಯ ಪೆಡ್ಣೆ ಸುರಂಗ ಮತ್ತೆ ಮತ್ತೆ ಕುಸಿದು ವರ್ಷಗಳನ್ನೇ ನುಂಗಿತು. ಈಗ ಇದಕ್ಕೆ ಆಗುಂಬೆಯ ಮಳೆಯನ್ನು ಸೇರಿಸಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಬೆಟ್ಟದ ಬಿರುಕುಗಳಲ್ಲಿ ನೀರು ನಿಂತಿರುತ್ತದೆ. ಸೀತಾ ನದಿ ಬೇಸಿಗೆಯಲ್ಲಿ ಹರಿಯುವುದೂ, ಸ್ವರ್ಣೆಯ ನೀರು ಬಜೆ ಅಣೆಕಟ್ಟಿನಿಂದ ಉಡುಪಿ-ಮಣಿಪಾಲಗಳ ನಲ್ಲಿಗೆ ಬರುವುದೂ ಘಟ್ಟ ಹೀಗೆ ಹಿಡಿದಿಟ್ಟುಕೊಂಡ ನೀರಿನಿಂದ.

ಜಿಲ್ಲೆಗೆ ಭೂಗತ ಕಾಮಗಾರಿ ಹೊಸತಲ್ಲ. ಹೊಸಂಗಡಿಯಲ್ಲಿ ವಾರಾಹಿ ಯೋಜನೆಯ ಭೂಗತ ವಿದ್ಯುದಾಗಾರವಿದೆ. ಕಾಪು ತಾಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ತುಂಬುವ ಬೃಹತ್ ಗುಹೆಗಳಿವೆ. ಅಷ್ಟೇ ಸಾಮರ್ಥ್ಯದ ಇನ್ನೊಂದು ಹಂತಕ್ಕೆ ಕೇಂದ್ರ ಸರಕಾರ 2018ರಲ್ಲಿಯೇ ಒಪ್ಪಿಗೆ ಕೊಟ್ಟಿತು. ಪಾದೂರಿನ ಗುಹೆಗಳನ್ನು ಮಾಡಿದ್ದು ರಂಧ್ರ ಕೊರೆದು ಸಿಡಿಮದ್ದು ಸಿಡಿಸಿ, ಟಿಬಿಎಂನಿಂದಲ್ಲ. ಆದರೆ ಅವು ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಡುತ್ತವೆ. ಇಂಥ ಗುಹೆಗಳಲ್ಲಿ ತೈಲವನ್ನು ಹಿಡಿದಿಡುವುದು ಉಕ್ಕಿನ ಗೋಡೆಯಲ್ಲ, ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡ. ಆ ಒತ್ತಡ ಇಳಿಯಬಾರದೆಂದು ಗುಹೆಯ ಮೇಲ್ಭಾಗದಲ್ಲಿ ರಂಧ್ರಗಳ ಸಾಲು ಕೊರೆದು ನೀರಿನ ಪರದೆಯನ್ನೇ ನಿರ್ಮಿಸುತ್ತಾರೆ, ಅಂತರ್ಜಲದ ಮಟ್ಟವನ್ನು ಅಳೆಯುತ್ತಲೇ ಇರುತ್ತಾರೆ. ಕಚ್ಚಾತೈಲವನ್ನು ಕಾಯಲು ಅಂತರ್ಜಲದ ಲೆಕ್ಕ ಇಡಲು ಬರುವುದಾದರೆ ಅಡಿಕೆ, ತೆಂಗು, ಭತ್ತಗಳನ್ನು ಕಾಯಲು ಏಕೆ ಬಾರದು?

ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಉತ್ತರಾಖಂಡದ ತಪೋವನ-ವಿಷ್ಣುಗಾಡ್ ಯೋಜನೆ ಉದಾಹರಣೆ. 2009ರ ಡಿಸೆಂಬರ್ 24ರಂದು ಜೋಶಿಮಠದ ಸಮೀಪ ಅಲ್ಲಿನ ಟಿಬಿಎಂ ನೀರಿನ ಪದರವೊಂದನ್ನು ಚುಚ್ಚಿತು. ಸೆಕೆಂಡಿಗೆ 700ರಿಂದ 800 ಲೀಟರ್ ನೀರು ಹೊರಹರಿಯಿತೆಂದು ವಿಜ್ಞಾನಿಗಳು 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ದಾಖಲಿಸಿದರು. ಅಂದರೆ ದಿನಕ್ಕೆ 6 ಕೋಟಿ ಲೀಟರಿಗೂ ಹೆಚ್ಚು. 2023ರಲ್ಲಿ ಜೋಶಿಮಠದ ಮನೆಗಳು ಬಿರುಕುಬಿಟ್ಟಾಗ ಸುರಂಗಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬ ವಿವಾದ ಎದ್ದಿತು. ಅಂಥ ವಿವಾದ ತೀರದೆ ಉಳಿಯುವುದು ಊರಿನ ಕೈಯಲ್ಲಿ ದಾಖಲೆಗಳಿಲ್ಲದಾಗ. ಕಂಪನಿಯ ಬಳಿ ಅಂಕಿಗಳಿರುತ್ತವೆ, ಊರಿನ ಬಳಿ ಬಿರುಕುಬಿಟ್ಟ ಗೋಡೆ ಮಾತ್ರ ಇರುತ್ತದೆ.

ಎದುರಾಗುವ ಆಕ್ಷೇಪಗಳು

ಸಿಡಿಮದ್ದಿಗೆ ಹೋಲಿಸಿದರೆ ಟಿಬಿಎಂ ಮೇಲು ಎಂಬ ಮಾತನ್ನು ಒಪ್ಪಲೇಬೇಕು. ಕಂಪನ ಕಡಿಮೆ, ಸುತ್ತಲಿನ ಬಂಡೆಗೆ ಗಾಸಿ ಕಡಿಮೆ, ಒಳಗೆ ದುಡಿಯುವವರಿಗೆ ಹೊಗೆಯ ಕಾಟವೂ ಕಡಿಮೆ. ಆದರೆ ಈ ಗುಣಗಳೆಲ್ಲ ಯಂತ್ರ ಸರಾಗವಾಗಿ ಮುಂದೆ ಹೋಗುತ್ತಿರುವಾಗಿನವು. ಹಲ್ಲು ಕೆಟ್ಟು ನೀರಿನ ನೆಲದಲ್ಲಿ ನಿಂತಾಗ ಗಾರೆ ತುಂಬುವುದು, ನೀರು ಹಿಂಡಿ ಹೊರಹಾಕುವುದು, ಮೇಲಿನಿಂದ ಗುಂಡಿ ಇಳಿಸುವುದು ಎಲ್ಲವೂ ಬರುತ್ತವೆ. ಪರಿಸರ ವರದಿಗಳಲ್ಲಿ ಮೊದಲ ಸ್ಥಿತಿಯ ವರ್ಣನೆಯಿದ್ದರೆ ಸಾಲದು. ಎರಡನೆಯ ಸ್ಥಿತಿ ಬಂದಾಗ ಏನು ಮಾಡುತ್ತೀರೆಂಬುದಕ್ಕೂ ಉತ್ತರವಿರಬೇಕು.

ಕಟರ್ ಲೆಕ್ಕ ವ್ಯಾಪಾರದ ಗುಟ್ಟು ಎಂಬುದು ಇನ್ನೊಂದು ಆಕ್ಷೇಪ. ಹಣದ ಲೆಕ್ಕ ಗುಟ್ಟಾಗಿರಲಿ. ಯಾವ ಕಂಪನಿಯ ಚಕ್ರ, ಅದಕ್ಕೆ ಎಷ್ಟು ಬೆಲೆ ಎಂಬುದು ಊರಿಗೆ ಬೇಕಾಗಿಲ್ಲ. ಜಾಗ, ದಿನಾಂಕ, ಬದಲಿಸಿದ ಚಕ್ರಗಳ ಸಂಖ್ಯೆ, ಕೆಟ್ಟ ಬಗೆ, ಆ ವೇಳೆ ಒಳಬಂದ ನೀರಿನ ಪ್ರಮಾಣ ಇಷ್ಟು ಸಾಕು. 2005ರ ಮಾಹಿತಿ ಹಕ್ಕು ಕಾಯಿದೆಯೂ ವ್ಯಾಪಾರದ ಗುಟ್ಟಿಗೆ ರಕ್ಷಣೆ ಕೊಡುವಾಗಲೇ ವಿಶಾಲವಾದ ಸಾರ್ವಜನಿಕ ಹಿತವಿದ್ದರೆ ಅದನ್ನು ಬಹಿರಂಗಪಡಿಸಬಹುದೆಂದು ಹೇಳುತ್ತದೆ. ಕುಡಿಯುವ ನೀರಿಗಿಂತ ವಿಶಾಲವಾದ ಹಿತ ಯಾವುದು?

ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂದು ಕೇಳುವವರೂ ಇದ್ದಾರೆ. ಸಮನಾದ ಸವೆತ ಎಂದರೆ ಗಟ್ಟಿ ಕಲ್ಲು, ಒಂದು ಬದಿ ಚಪ್ಪಟೆಯಾದರೆ ಮೆದು ಮಣ್ಣು ಇರಬಹುದು, ಒಡೆದ ಉಂಗುರ ಎಂದರೆ ಮಣ್ಣು-ಬಂಡೆಗಳ ಬೆರಕೆ. ಪಿಕ್ಕಾಸಿನ ಮೊನೆಯಿಂದ ನೆಲವನ್ನು ಓದಿದವರಿಗೆ ಇದು ಕಷ್ಟದ ಓದಲ್ಲ. ತಮ್ಮ ಬಾವಿಯ ನೇರಕ್ಕೆ ಯಂತ್ರ ಬಂದಿರುವಾಗ ಪಟ್ಟಿಯಲ್ಲಿ ಒಡೆದ ಉಂಗುರಗಳೂ ನೀರಿನ ಒಳಹರಿವೂ ಒಟ್ಟೊಟ್ಟಿಗೆ ಹೆಚ್ಚಿದರೆ ಎಚ್ಚರವಾಗಬೇಕೆಂಬುದು ಯಾರಿಗೂ ತಿಳಿಯುತ್ತದೆ.

ಕೇಳಬೇಕಾದದ್ದು ಏನು?

ಘಟ್ಟದಲ್ಲಿ ಸುರಂಗವೇ ಬೇಡವೆನ್ನುವವರೂ, ಬೇಕೆನ್ನುವವರೂ ಒಟ್ಟಾಗಿ ಒತ್ತಾಯಿಸಬಹುದಾದ ಬೇಡಿಕೆಗಳಿವು.

ಮೊದಲನೆಯದಾಗಿ, ಯೋಜನೆಯ ಮುನ್ನ ತೆಗೆದ ಕಲ್ಲಿನ ಮಾದರಿಗಳ ಬೆಣಚಿನ ಅಂಶ ಮತ್ತು ಸೆರ್ಶಾರ್ ಅಂಕಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಎಷ್ಟು ದೂರಕ್ಕೆ ಎಷ್ಟು ಚಕ್ರ ಸವೆಯಬಹುದೆಂಬ ಅಂದಾಜೂ ಅದರಲ್ಲಿರಬೇಕು. ಅಂದಾಜಿಗೂ ನಿಜಕ್ಕೂ ಅಂತರ ಬಂದರೆ ನೆಲದ ಬಗ್ಗೆ ತಿಳಿದದ್ದು ತಪ್ಪೆಂದು ಆಗ ತಿಳಿಯುತ್ತದೆ.

ಎರಡನೆಯದಾಗಿ, ಕಟರ್ ಬದಲಾವಣೆಯ ಪಟ್ಟಿಯನ್ನು ವಾರಕ್ಕೊಮ್ಮೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಯಂತ್ರ ನಿಗದಿಯಿಲ್ಲದೆ ನಿಂತರೆ, ನೀರು ನುಗ್ಗಿದರೆ ಮರುದಿನದೊಳಗೆ ತಿಳಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅನುಮತಿ ಪಡೆದ ಯೋಜನೆಗಳು ಆರು ತಿಂಗಳಿಗೊಮ್ಮೆ ಸಲ್ಲಿಸುವ ಪಾಲನಾ ವರದಿ ಸಾರ್ವಜನಿಕ ದಾಖಲೆ. ಈ ಪಟ್ಟಿ ಅದರ ಭಾಗವಾಗಬೇಕೆಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಸೇರಿಸಬಹುದು. ಸಾರ್ವಜನಿಕ ಅಹವಾಲು ಸಭೆಯಲ್ಲಿ ಇದನ್ನು ಲಿಖಿತವಾಗಿ ಕೇಳಬೇಕು.

ಮೂರನೆಯದು ಯಾರನ್ನೂ ಕೇಳಬೇಕಾದ್ದಲ್ಲ, ಊರವರೇ ಮಾಡಬೇಕಾದದ್ದು. ಕಾಮಗಾರಿ ಆರಂಭವಾಗುವುದಕ್ಕೆ ಕನಿಷ್ಠ ಒಂದು ಮಳೆವರ್ಷ ಮೊದಲು ಸುರಂಗದ ದಾರಿಯಲ್ಲಿರುವ ಪ್ರತಿ ಬಾವಿ, ಕೆರೆ, ಸುರಂಗ, ಒರತೆಗಳ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ಅಳೆದು ಬರೆದಿಡಬೇಕು. ಬೇಕಾಗಿರುವುದು ಒಂದು ಅಳತೆಪಟ್ಟಿ, ಒಂದು ಪುಸ್ತಕ, ತಪ್ಪದೆ ಬರೆಯುವ ಶಿಸ್ತು. ಹೆಬ್ರಿ, ಕಾರ್ಕಳಗಳ ಶಾಲಾ-ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಮಾಡಬಲ್ಲರು. ಮೊದಲಿನ ಅಳತೆಯಿಲ್ಲದೆ ನಂತರ ಬಾವಿ ಬತ್ತಿತೆಂದು ಸಾಧಿಸುವುದು ಅಸಾಧ್ಯ.

ನಾಲ್ಕನೆಯದಾಗಿ, ಈ ಎರಡು ಲೆಕ್ಕಗಳನ್ನು ಒಂದೇ ನಕ್ಷೆಯ ಮೇಲೆ ಕೂರಿಸಿ ನೋಡುವ ಕೆಲಸ ಸ್ವತಂತ್ರ ಸಂಸ್ಥೆಯ ಕೈಯಲ್ಲಿರಬೇಕು. ಗಣಿ ಎಂಜಿನಿಯರಿಂಗ್ ವಿಭಾಗವಿರುವ ಸುರತ್ಕಲ್ಲಿನ ಎನ್‌ಐಟಿಕೆ ಹತ್ತಿರದಲ್ಲಿಯೇ ಇದೆ. 1957ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ತಾಂತ್ರಿಕ ಕಾಲೇಜು ಮಣಿಪಾಲದಲ್ಲಿದೆ. ಸಂವೇದಕ, ದತ್ತಾಂಶ, ಯಂತ್ರಕಲಿಕೆ ಎಂದು ಓದುವ ವಿದ್ಯಾರ್ಥಿಗಳಿಗೆ ದೂರದ ದೇಶದ ಅಂಕಿಗಳಿಗಿಂತ ಕಾರ್ಕಳದ ಕಲ್ಲು ಸೂಜಿಯನ್ನು ಎಷ್ಟು ಸವೆಸುತ್ತದೆಂಬ ಪ್ರಶ್ನೆ ಹೆಚ್ಚು ಉಪಯುಕ್ತ ಪಾಠವಾದೀತು.

ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 2023ರ ನವೆಂಬರಿನಲ್ಲಿ ಕುಸಿದ ಸುರಂಗದೊಳಗೆ 41 ಕಾರ್ಮಿಕರು ಸಿಲುಕಿದಾಗ ಅವರತ್ತ ಕೊರೆಯುತ್ತಿದ್ದ ಆಗರ್ ಯಂತ್ರದ ಬ್ಲೇಡುಗಳು ಅವಶೇಷದ ಉಕ್ಕಿಗೆ ಸಿಕ್ಕಿ ಮುರಿದವು. ಕೊನೆಯ ಕೆಲವು ಮೀಟರುಗಳನ್ನು ಬರಿಗೈಯಲ್ಲಿ ಅಗೆದು ಅವರನ್ನು 17ನೆಯ ದಿನ ಹೊರತಂದವರು ಬಿಲದಂಥ ಗಣಿಗಳಲ್ಲಿ ದುಡಿದು ಅಭ್ಯಾಸವಿದ್ದ ಬಡ ಕೂಲಿಗಳು. ಯಂತ್ರದ ಹಲ್ಲು ಮುರಿದಾಗ ಹೊರೆ ಹೊರುವವರು ಯಾವಾಗಲೂ ಮನುಷ್ಯರೇ: ಒಳಗೆ ಕಾರ್ಮಿಕ, ಮೇಲೆ ಕೃಷಿಕ. ಹೊರೆ ಹೊರುವವರಿಗೆ ಲೆಕ್ಕ ನೋಡುವ ಹಕ್ಕೂ ಇರಬೇಕು. ಮುಂದಿನ ಗ್ರಾಮಸಭೆಗಳಲ್ಲಿ ಸುರಂಗದ ಮಾತು ಬಂದಾಗ ಪರ-ವಿರೋಧದ ಘೋಷಣೆಗಳಿಗೆ ಮೊದಲು ಈ ಲೆಕ್ಕದ ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.